ಕ್ಯಾಮೆರಾ ಯಾರ ಕಡೆ? ಮದುವೆಯೊಳಗಿನ ಒಂಟಿತನವೂ ಸಿನಿಮಾದ ಕಸುಬೂ



ಮದುವೆಯಾದ ಹೆಂಗಸೊಬ್ಬಳು ಒಂಟಿ ಎಂದು ತೋರಿಸುವುದು ನಮ್ಮ ಸಿನಿಮಾಕ್ಕೆ ಎಂದೂ ಕಷ್ಟವಾಗಿಲ್ಲ. ಕಿಟಕಿಯ ಸರಳು, ಹೊರಗೆ ಮಳೆ, ಮೇಜಿನ ಮೇಲೆ ಆರಿಹೋದ ಊಟ, ಗೋಡೆಯ ಮೇಲೊಂದು ಗಡಿಯಾರ. ಆಮೇಲೆ ಅವಳ ಮುಖದ ಕ್ಲೋಸಪ್, ಕಣ್ಣಂಚಿನಲ್ಲಿ ತುಳುಕಲೋ ಬೇಡವೋ ಎಂದು ನಿಂತ ನೀರು. ಅಷ್ಟರಲ್ಲಿ ಇಪ್ಪತ್ತು ವಯಲಿನ್‌ಗಳು ಒಟ್ಟಿಗೆ ಏಳುತ್ತವೆ. ಥಿಯೇಟರಿನಲ್ಲಿ ಕೂತವರು ಸೆರಗನ್ನೋ ಕರವಸ್ತ್ರವನ್ನೋ ಹುಡುಕುತ್ತಾರೆ. ನನ್ನ ತಕರಾರು ಇಲ್ಲಿಂದಲೇ ಶುರು. ಇಪ್ಪತ್ತು ವಯಲಿನ್ ಜತೆಗಿರುವಾಗ, ಇಡೀ ಥಿಯೇಟರು ಅವಳ ಪರವಾಗಿ ಮೂಗೊರೆಸಿಕೊಳ್ಳುತ್ತಿರುವಾಗ, ಅವಳು ಒಂಟಿ ಹೇಗಾದಳು?

ಇದು ಸಿನಿಮಾಕ್ಕೆ ಹುಟ್ಟಿನಿಂದಲೇ ಬಂದ ಇಕ್ಕಟ್ಟು. ಒಬ್ಬಳನ್ನು ಒಬ್ಬಳೇ ಇರುವಂತೆ ತೋರಿಸಬೇಕಾದರೆ ಅವಳ ಎದುರಿಗೆ ಕ್ಯಾಮೆರಾ ಇಡಬೇಕು. ಇಟ್ಟ ಗಳಿಗೆಯಿಂದ ನೋಡುವವರೆಲ್ಲ ಅವಳಿಗೆ ಜತೆಯಾಗುತ್ತಾರೆ. ಗಂಡನಿಗೆ ಕಾಣದ ಕಣ್ಣೀರು ನಮಗೆ ಕಂಡಿತಲ್ಲ ಎಂಬ ಸಮಾಧಾನ ನಮಗೂ ಆಗುತ್ತದೆ, ಹೇಗೋ ಅವಳಿಗೂ ಆಗುತ್ತಿರಬೇಕು ಅನ್ನಿಸುತ್ತದೆ. ಹಾಗಾಗಿ ದಬ್ಬಾಳಿಕೆಯ ಮದುವೆಯೊಂದನ್ನು ತೆರೆಗೆ ತರುವ ನಿರ್ದೇಶಕ ಮೊದಲು ತನ್ನನ್ನು ಕೇಳಿಕೊಳ್ಳಬೇಕಾದ್ದು ಇಷ್ಟೇ: ಇವಳಿಗೆ ನಾನು ಎಷ್ಟು ಜತೆ ಕೊಡಲಿ? ಎಲ್ಲಿ ಕೈಬಿಡಲಿ? ಬೆಳಕು, ಲೆನ್ಸು, ಸದ್ದು, ಸಂಕಲನ ಎಲ್ಲ ಆ ತೀರ್ಮಾನದ ಹಿಂದೆ ಬರುವ ಮಾತು. ಇವತ್ತು ಕೆಲವು ಚಿತ್ರಗಳನ್ನು ಈ ಒಂದೇ ಪ್ರಶ್ನೆ ಹಿಡಿದು ನೋಡೋಣ ಅಂತ ಬಂದಿದ್ದೇನೆ.

ಹಾಡು ಬೇಡವೇ ಬೇಡ ಎಂಬ ವಾದ ನನ್ನದಲ್ಲ. ಬೀಸುವ ಕಲ್ಲಿನ ಮುಂದೆ ಕೂತು ನಮ್ಮ ಅಜ್ಜಿಯರು ಹಾಡಿದ್ದೆಲ್ಲ ಒಂಟಿತನದ ಹಾಡೇ. ಗಂಡನ ಮನೆಯಲ್ಲಿ ಮನಸ್ಸು ಬಿಚ್ಚಲು ಯಾರೂ ಇಲ್ಲದವಳು ಕಲ್ಲನ್ನೇ ಮಾತಾಡಿಸುತ್ತಾಳೆ, ತವರಿನ ದಾರಿಯನ್ನೂ ಅಣ್ಣನನ್ನೂ ಕರೆಯುತ್ತಾಳೆ. ಆದರೆ ಆ ಹಾಡು ಅವಳೇ ಮಾಡಿಕೊಂಡ ಜತೆ. ಕೈ ಬೀಸುತ್ತಿರುತ್ತದೆ, ಬಾಯಿ ಹಾಡುತ್ತಿರುತ್ತದೆ, ಹಿಟ್ಟು ಮುಗಿದರೆ ಹಾಡೂ ಮುಗಿಯುತ್ತದೆ. ಸಿನಿಮಾದ ಹಾಡು ಹಾಗಲ್ಲ. ಅದು ನಿರ್ದೇಶಕ ಹೊರಗಿನಿಂದ ತಂದುಕೊಟ್ಟ ಉಡುಗೊರೆ. ಅದನ್ನು ಕೊಟ್ಟು ಅವನು ತನ್ನ ಕೆಲಸವನ್ನು ಹಗುರ ಮಾಡಿಕೊಳ್ಳುತ್ತಾನೆ.

ಮೊದಲು ದಬ್ಬಾಳಿಕೆಯೇ ಇಲ್ಲದ ಒಂದು ಮದುವೆಯನ್ನು ನೋಡೋಣ. ಸತ್ಯಜಿತ್ ರಾಯ್ ಅವರ 'ಚಾರುಲತಾ' (1964). ರವೀಂದ್ರನಾಥ ಟ್ಯಾಗೋರರ 'ನಷ್ಟನೀಡ' ಅದರ ಮೂಲ. ಹತ್ತೊಂಬತ್ತನೆಯ ಶತಮಾನದ ಕಲ್ಕತ್ತ, ಸಿರಿವಂತರ ಮನೆ, ಪತ್ರಿಕೆ ನಡೆಸುವ ಗಂಡ ಭೂಪತಿ. ಅವನು ಒಳ್ಳೆಯವನು. ಹೆಂಡತಿಯ ಮೇಲೆ ಕೂಗಾಡಿದವನಲ್ಲ. ಚಿತ್ರದ ಮೊದಲ ಕೆಲವು ನಿಮಿಷಗಳಲ್ಲಿ ಮಾತೇ ಇಲ್ಲ ಎನ್ನಬಹುದು. ಚಾರು ಕರವಸ್ತ್ರಕ್ಕೆ ಗಂಡನ ಹೆಸರಿನ ಮೊದಲ ಅಕ್ಷರ ಹೊಲಿಯುತ್ತಾಳೆ, ಪುಸ್ತಕ ತೆಗೆಯುತ್ತಾಳೆ, ಇಡುತ್ತಾಳೆ. ಹಿಡಿಯುಳ್ಳ ಪುಟ್ಟ ದುರ್ಬೀನು ತಂದು ಕಿಟಕಿಯಿಂದ ಕಿಟಕಿಗೆ ಓಡಿ ಬೀದಿಯಲ್ಲಿ ಹೋಗುವವರನ್ನು ನೋಡುತ್ತಾಳೆ. ಆಮೇಲೆ ಭೂಪತಿ ಬರುತ್ತಾನೆ. ಪುಸ್ತಕದಲ್ಲಿ ಮುಳುಗಿ, ಪಕ್ಕದಲ್ಲೇ ನಿಂತ ಹೆಂಡತಿಯನ್ನು ಗಮನಿಸದೆ ಹಾದುಹೋಗುತ್ತಾನೆ. ಅವಳು ದುರ್ಬೀನು ಎತ್ತಿ ಬೀದಿಯ ಅಪರಿಚಿತನನ್ನು ನೋಡಿದಂತೆಯೇ ಅವನ ಬೆನ್ನನ್ನು ನೋಡುತ್ತಾಳೆ. ದುರ್ಬೀನು ಇಳಿಸಿದೊಡನೆ ಕ್ಯಾಮೆರಾ ಸರ್ರನೆ ಹಿಂದಕ್ಕೆ ಸರಿಯುತ್ತದೆ.

ಆ ಸರಿಯುವಿಕೆಯನ್ನು ನೀವು ಗಮನಿಸಬೇಕು. ಇಂಥ ಜಾಗದಲ್ಲಿ ನಮ್ಮ ಹೆಚ್ಚಿನ ನಿರ್ದೇಶಕರು ಮುಖದ ಹತ್ತಿರ ಹೋಗುತ್ತಾರೆ. ರಾಯ್ ದೂರ ಹೋದರು. ಸುಬ್ರತ ಮಿತ್ರ ಅವರ ಕ್ಯಾಮೆರಾ, ಸ್ಟುಡಿಯೋದಲ್ಲಿ ಬನ್ಸಿ ಚಂದ್ರಗುಪ್ತ ಕಟ್ಟಿದ ಆ ಮನೆ, ಮಾಧವಿ ಮುಖರ್ಜಿಯವರ ಇಳಿದ ಕೈ. ಅಷ್ಟರಲ್ಲಿ ನಮಗೆ ಎಲ್ಲ ತಿಳಿದಿದೆ. ಈ ಚಿತ್ರವನ್ನು ಮೊದಲು ಎತ್ತಿಕೊಂಡದ್ದು ಯಾಕೆಂದರೆ, ಒಳ್ಳೆಯ ಗಂಡನ ಮನೆಯಲ್ಲೂ ಒಂಟಿತನ ಇರುತ್ತದೆ ಎಂದು ಒಪ್ಪಿಕೊಂಡ ಮೇಲೆ, ಕೆಟ್ಟ ಗಂಡನ ಮನೆಯಲ್ಲಿ ಅದಕ್ಕೆ ಇನ್ನೇನು ಸೇರುತ್ತದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ.

ಸೇರುವ ಒಂದು ಸಂಗತಿ, ತನ್ನ ಕಣ್ಣನ್ನೇ ತಾನು ನಂಬಲಾಗದ ಸ್ಥಿತಿ. ಜಾರ್ಜ್ ಕ್ಯೂಕರ್ ನಿರ್ದೇಶನದ 'ಗ್ಯಾಸ್‌ಲೈಟ್' (1944) ಇದಕ್ಕೆ ಹೆಸರಾದ ಚಿತ್ರ. ಪ್ಯಾಟ್ರಿಕ್ ಹ್ಯಾಮಿಲ್ಟನ್ 1938ರಲ್ಲಿ ಬರೆದ ನಾಟಕ, 1940ರಲ್ಲಿ ಬ್ರಿಟನ್ನಿನಲ್ಲಿ ಒಮ್ಮೆ ಚಿತ್ರವಾಗಿತ್ತು, ಆಮೇಲೆ ಹಾಲಿವುಡ್ಡಿಗೆ ಹೋಯಿತು. ಇಂಗ್ರಿಡ್ ಬರ್ಗ್‌ಮನ್ ಅವರಿಗೆ ಮೊದಲ ಆಸ್ಕರ್ ಬಂದದ್ದು ಇದರಿಂದ. ಗಂಡ ಗ್ರೆಗರಿ ದಿನಾ ರಾತ್ರಿ ಕೆಲಸದ ನೆಪ ಹೇಳಿ ಹೊರಗೆ ಹೋಗುತ್ತಾನೆ, ಕಳ್ಳದಾರಿಯಲ್ಲಿ ಅದೇ ಮನೆಯ ಅಟ್ಟ ಸೇರಿ, ಹೆಂಡತಿ ಪೌಲಾಳ ಸತ್ತ ಚಿಕ್ಕಮ್ಮನ ಒಡವೆ ಹುಡುಕುತ್ತಾನೆ. ಅವನು ಮೇಲೆ ದೀಪ ಹಚ್ಚಿದಾಗ ಅದೇ ಗ್ಯಾಸ್ ಕೊಳವೆಗೆ ಸೇರಿದ ಕೆಳಗಿನ ದೀಪ ಮಂಕಾಗುತ್ತದೆ. ಪೌಲಾಗೆ ಅದು ಕಾಣುತ್ತದೆ, ತಲೆಯ ಮೇಲೆ ಹೆಜ್ಜೆ ಸಪ್ಪಳವೂ ಕೇಳುತ್ತದೆ. ಮನೆಯಲ್ಲಿ ಯಾರಿಗೂ ಏನೂ ಕಂಡಿಲ್ಲ, ಕೇಳಿಲ್ಲ. ಅಡುಗೆಯವಳಿಗೆ ಕಿವಿ ಮಂದ. ಕೆಲಸದ ಹುಡುಗಿಗೆ ಯಜಮಾನನ ಕಡೆಗೇ ಒಲವು. ಕಳೆದ ಪದಕ, ಗೋಡೆಯಿಂದ ಮಾಯವಾದ ಚಿತ್ರ, ಎಲ್ಲಕ್ಕೂ ಅವಳದೇ ಮರೆವು ಕಾರಣ ಎಂದು ಗಂಡ ತಾಳ್ಮೆಯಿಂದ, ಬಹಳ ಪ್ರೀತಿಯಿಂದ ಎಂಬಂತೆ, ತಿಳಿಸಿ ಹೇಳುತ್ತಾನೆ. ಆ ತಾಳ್ಮೆ ನೋಡಿಯೇ ಮೈ ಉರಿಯುತ್ತದೆ.

ಬೆಳಕು ಇಳಿಯುವುದು ಕಪ್ಪು ಬಿಳುಪು ಚಿತ್ರದ ಅತಿ ಸರಳ ತಂತ್ರ. ಇಲ್ಲಿ ಅದು ಕತೆಯ ಸಾಕ್ಷ್ಯವೂ ಹೌದು. ಕ್ಯೂಕರ್ ಮಾಡಿದ ಆಯ್ಕೆ ಎಂದರೆ, ದೀಪ ಮಂಕಾಗುವುದನ್ನು ನಮಗೂ ತೋರಿಸಿದ್ದು. ತೋರಿಸದೇ ಇದ್ದಿದ್ದರೆ ನಾವೂ ಗ್ರೆಗರಿಯ ಕಡೆ ಸೇರಿ ಅವಳ ತಲೆ ಕೆಟ್ಟಿದೆ ಅಂದುಕೊಳ್ಳುತ್ತಿದ್ದೆವು. ತೋರಿಸಿದ್ದರಿಂದ ನಾವು ಅವಳ ಸಾಕ್ಷಿಗಳಾದೆವು, ಆದರೆ ಕೋರ್ಟಿಗೆ ಹೋಗಲಾಗದ ಸಾಕ್ಷಿಗಳು. ಕೊನೆಗೆ ಪತ್ತೇದಾರನೊಬ್ಬ ಬಂದು, ಹೌದು, ದೀಪ ಈಗ ಕಡಿಮೆಯಾಯಿತು ಎಂದು ಗುರುತಿಸಿದಾಗ ಬರ್ಗ್‌ಮನ್ ಮುಖದಲ್ಲಿ ಆಗುವ ಬದಲಾವಣೆಯನ್ನು ಬಿಡುಗಡೆ ಅಂತಲೇ ಕರೆಯಬೇಕು. ಗಂಡನಿಂದ ಬಿಡುಗಡೆ ಆಮೇಲಿನ ಮಾತು. ಮೊದಲು ತನ್ನ ಕಣ್ಣು ತನಗೆ ವಾಪಸು ಬಂತು. ಹಾಲಿವುಡ್ಡು ಅದನ್ನು ಮತ್ತೊಬ್ಬ ಗಂಡಸಿನ ಕೈಯಲ್ಲೇ ಕೊಡಿಸಿತು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಇದೇ ಹೆಣಿಗೆ ನಮ್ಮಲ್ಲೂ ಇದೆ. ಗಿರೀಶ ಕಾರ್ನಾಡರ 'ನಾಗಮಂಡಲ'ವನ್ನು (ನಾಟಕ 1988, ಟಿ. ಎಸ್. ನಾಗಾಭರಣರ ಚಿತ್ರ 1997) ನಾವು ಸಾಮಾನ್ಯವಾಗಿ ಕಾಮ, ಮಾಯೆ, ಜಾನಪದ ಎಂದು ಓದುತ್ತೇವೆ. ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಕತೆ ಎಂದು ಸ್ಮರಿಸುತ್ತೇವೆ. ನಾಯಕಿ ರಾಣಿಯ ಜಾಗದಿಂದ ನೋಡಿದರೆ ಅದು ಬೇರೆಯೇ ಕತೆ. ಗಂಡ ಹೊರಗಿನಿಂದ ಬೀಗ ಜಡಿದು ಹೋಗುತ್ತಾನೆ, ಮಧ್ಯಾಹ್ನ ಉಣ್ಣಲು ಬರುತ್ತಾನೆ, ಮತ್ತೆ ಬೀಗ. ರಾತ್ರಿ ಅದೇ ಮುಖ, ಅದೇ ಮೈ ಹೊತ್ತ ನಾಗರಹಾವು ಬಂದು ಮುದ್ದು ಮಾಡುತ್ತದೆ. ಹಗಲಿನವನಿಗೆ ರಾತ್ರಿಯದು ಗೊತ್ತಿಲ್ಲ. ರಾತ್ರಿಯವನು ಹಗಲಿನದನ್ನು ಕೇಳಬೇಡ ಅನ್ನುತ್ತಾನೆ. ರಾತ್ರಿ ಪ್ರೀತಿಯಿಂದ ಮಾತಾಡಿದ್ದು ನಿಜವೋ, ಕನಸೋ? ಕೇಳಲು ಆ ಮನೆಯಲ್ಲಿ ಇನ್ನೊಂದು ಜೀವ ಇಲ್ಲ. ಪ್ರಕಾಶ್ ರೈ ಎರಡೂ ಆಗಿ ಬರುವುದರಿಂದ ಸಿನಿಮಾದಲ್ಲಿ ಈ ಗೊಂದಲಕ್ಕೆ ಮುಖ ಸಿಕ್ಕಿತು. ನಾಗರಹಾವು ರಾಣಿಗೆ ಕೇಡು ಬಯಸಿದ್ದಲ್ಲ ನಿಜ. ಆದರೂ ಅವಳ ಅನುಭವಕ್ಕೂ ಅವಳಿಗೆ ಕಾಣುವ ಲೋಕಕ್ಕೂ ನಡುವೆ ಬಿರುಕು ಬಿಟ್ಟದ್ದು ಪೌಲಾಗೆ ಬಿಟ್ಟಂತೆಯೇ. ಅಲ್ಲಿ ಅಟ್ಟ, ಇಲ್ಲಿ ಹುತ್ತ.

ಇನ್ನೊಂದು ದಾರಿ ಇದಕ್ಕೆ ತದ್ವಿರುದ್ಧ. ಕ್ಯಾಮೆರಾ ಅವಳ ಸಾಕ್ಷಿಯಾಗುವುದಿಲ್ಲ, ಗಂಡನ ಕೈಯಾಳಾಗುತ್ತದೆ. ಜರ್ಮನಿಯ ರೈನರ್ ವರ್ನರ್ ಫಾಸ್‌ಬಿಂಡರ್ 1974ರಲ್ಲಿ ಟೆಲಿವಿಷನ್ನಿಗೆ ಮಾಡಿದ 'ಮಾರ್ತಾ'ವನ್ನು ನಮ್ಮಲ್ಲಿ ಹೆಚ್ಚು ಜನ ನೋಡಿಲ್ಲ, ನೋಡಬೇಕು. ಮಾರ್ತಾ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ತಂದೆ ರೋಮ್‌ನಲ್ಲಿ ಸತ್ತ ದಿನವೇ ಹೆಲ್ಮುಟ್ ಎಂಬ ಎಂಜಿನಿಯರ್ ಅವಳ ಕಣ್ಣಿಗೆ ಬೀಳುತ್ತಾನೆ. ಇಬ್ಬರೂ ಎದುರುಬದುರು ಬಂದು ಹಾದುಹೋಗುವಾಗ ಮಿಖಾಯೆಲ್ ಬಾಲ್‌ಹೌಸ್ ಅವರ ಕ್ಯಾಮೆರಾ ಅವರನ್ನು ಪೂರಾ ಸುತ್ತು ಹಾಕುತ್ತದೆ. ಅದೇ ಹೊತ್ತಿಗೆ ಅವರೂ ತಮ್ಮ ಜಾಗದಲ್ಲಿ ತಿರುಗುತ್ತಾರೆ. ಪ್ರೇಮಕತೆಯಲ್ಲಿ ಕ್ಯಾಮೆರಾ ಸುತ್ತಿದರೆ ಲೋಕ ಮರೆಯಿತು ಎಂದರ್ಥ, ಹಿಂದಿ ಹಾಡುಗಳಲ್ಲಿ ನಾವು ಅದನ್ನು ಎಷ್ಟು ನೋಡಿಲ್ಲ! ಇಲ್ಲಿ ಅದೇ ಸುತ್ತು ಹಗ್ಗ ಬಿಗಿದಂತೆ ಕಾಣುತ್ತದೆ. ಮೊದಲ ಸಲ ಕಂಡದ್ದಕ್ಕೇ ಇವಳು ಸಿಕ್ಕಿಬಿದ್ದಳು ಎಂದು ಮನಸ್ಸು ಹೇಳುತ್ತದೆ. ಯಾಕೆ ಎಂದು ಆಗ ಹೇಳಲಾರೆವು.

ಮುಂದಿನದು ಹೆಜ್ಜೆ ಹೆಜ್ಜೆಯಾಗಿ ನಡೆಯುತ್ತದೆ. ಮಧುಚಂದ್ರದಲ್ಲಿ ಅವಳ ಚರ್ಮ ಬಿಸಿಲಿಗೆ ಬೆಂದು ಕೆಂಪಾಗುವವರೆಗೂ ಅವನು ಮಲಗಲು ಬಿಡುತ್ತಾನೆ, ಆಮೇಲೆ ಆ ಬೆಂದ ಮೈಯನ್ನೇ ಅಪ್ಪುತ್ತಾನೆ. ಅವಳ ಪರವಾಗಿ ತಾನೇ ಅವಳ ಕೆಲಸಕ್ಕೆ ರಾಜೀನಾಮೆ ಕೊಡುತ್ತಾನೆ. ಅವಳಿಗಿಷ್ಟವಾದ ಸಂಗೀತ ಕೀಳಂತೆ, ತನ್ನದನ್ನು ಕೇಳಬೇಕು. ಅಣೆಕಟ್ಟು ಕಟ್ಟುವ ಬಗೆಗಿನ ಪುಸ್ತಕ ಕೊಟ್ಟು ಓದು ಅನ್ನುತ್ತಾನೆ. ಫೋನು ಕಡಿಸುತ್ತಾನೆ. ನಾನು ಊರಲ್ಲಿಲ್ಲದಾಗ ಮನೆ ಬಿಟ್ಟು ಹೊರಡಬೇಡ ಅನ್ನುತ್ತಾನೆ. ಇಷ್ಟರ ನಡುವೆ ಕ್ಯಾಮೆರಾ ಎಷ್ಟು ನಯವಾಗಿ ತೇಲುತ್ತದೆ ನೋಡಿ. ಗಿಡಗಳ ಹಿಂದಿನಿಂದ, ಕನ್ನಡಿಗಳ ಮೂಲಕ, ಕಂಬಿಗಳ ಸಂದಿನಿಂದ ಅವಳನ್ನು ಸುಂದರವಾಗಿ ಹಿಡಿಯುತ್ತದೆ. ಆ ಮನೆಯಲ್ಲಿ ಅವಳ ಪರವಾಗಿ ಒಂದು ಕೊಳಕು ಚೌಕಟ್ಟೂ ಇಲ್ಲ. ನಮ್ಮ ನೋಟವೇ ಹೆಲ್ಮುಟ್‌ನ ನೋಟವಾಗುತ್ತ ಹೋಗುತ್ತದೆ, ನಮಗೇ ಮುಜುಗರವಾಗುತ್ತದೆ. ಕೊನೆಗೆ ಅವಳು ತಪ್ಪಿಸಿಕೊಳ್ಳಲು ಹೋಗಿ ಕಾರು ಅಪಘಾತವಾಗಿ, ಸೊಂಟದ ಕೆಳಗೆ ಸ್ವಾಧೀನ ತಪ್ಪಿ, ಗಾಲಿಕುರ್ಚಿಯಲ್ಲಿ ಅವನ ಕೈಗೇ ವಾಪಸು ಸಿಗುತ್ತಾಳೆ. ಆಸ್ಪತ್ರೆಯ ಲಿಫ್ಟಿನ ಬಾಗಿಲು ಮುಚ್ಚುತ್ತದೆ. ಫಾಸ್‌ಬಿಂಡರ್ ಅವಳಿಗೆ ಜತೆ ಕೊಡಲೇ ಇಲ್ಲ. ಇದನ್ನು ಕ್ರೌರ್ಯ ಎನ್ನುವವರಿದ್ದಾರೆ. ನನಗೆ ಹಾಗನ್ನಿಸಿಲ್ಲ. ಅನುಕಂಪ ತೋರಿಸಿ ನಮ್ಮನ್ನು ಒಳ್ಳೆಯವರನ್ನಾಗಿಸುವ ಚಿತ್ರಗಳಿಗಿಂತ ಇದು ಪ್ರಾಮಾಣಿಕ.

ಈಗ ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವ ಚಿತ್ರ: ಝಾಂಗ್ ಯಿಮೊ ಅವರ 'ರೈಸ್ ದ ರೆಡ್ ಲ್ಯಾಂಟರ್ನ್' (1991). ಸು ಟಾಂಗ್ ಬರೆದ ಕಿರುಕಾದಂಬರಿ ಮೂಲ. 1920ರ ದಶಕದ ಚೀನಾ. ಹತ್ತೊಂಬತ್ತು ವರ್ಷದ ಸಾಂಗ್‌ಲಿಯನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದವಳು. ತಂದೆ ಸತ್ತು, ಮಲತಾಯಿಯ ಒತ್ತಾಯಕ್ಕೆ ಸಿರಿವಂತನೊಬ್ಬನ ನಾಲ್ಕನೆಯ ಹೆಂಡತಿಯಾಗಿ ಹೋಗುತ್ತಾಳೆ. ಮೊದಲ ಶಾಟಿನಲ್ಲಿ ಗಾಂಗ್ ಲಿ ಅವರ ಮುಖ ಮಾತ್ರ, ಅಲುಗದ ಕ್ಯಾಮೆರಾ. ಮಲತಾಯಿಯ ದನಿ ಚೌಕಟ್ಟಿನ ಹೊರಗಿನಿಂದ ಬರುತ್ತದೆ. ಒಪ್ಪಿಗೆ ಹೇಳಿ ಮುಗಿಯುವಷ್ಟರಲ್ಲಿ ಎರಡು ಹನಿ ಜಾರುತ್ತವೆ. ಕ್ಲೋಸಪ್ ಬೇಡ ಅಂದವನು ಈಗ ಕ್ಲೋಸಪ್ಪನ್ನೇ ಹೊಗಳುತ್ತಿದ್ದಾನಲ್ಲ ಎಂದು ನೀವು ಕೇಳಬಹುದು. ಆದರೆ ಗಮನಿಸಿ, ಅವಳ ಮುಖಕ್ಕೆ ನಾವು ಇಷ್ಟು ಹತ್ತಿರ, ಇಷ್ಟು ಹೊತ್ತು ಹೋಗುವುದು ಅವಳು ಇನ್ನೂ ಆ ಮನೆ ಹೊಕ್ಕಿರದಾಗ. ಒಳಗೆ ಹೋದ ಮೇಲೆ ಮನೆ ದೊಡ್ಡದಾಗುತ್ತದೆ, ಅವಳು ಚಿಕ್ಕವಳಾಗುತ್ತಾಳೆ.

ಚಿತ್ರೀಕರಣ ನಡೆದದ್ದು ಶಾನ್‌ಶಿ ಪ್ರಾಂತ್ಯದಲ್ಲಿ, ಪಿಂಗ್ಯಾವೊ ಊರಿಗೆ ಹತ್ತಿರದ ಚಿಯಾವೊ ಕುಟುಂಬದ ಹಳೆಯ ವಾಡೆಯಲ್ಲಿ. ಅಂಗಳದೊಳಗೆ ಅಂಗಳ, ಬಾಗಿಲಿನ ಹಿಂದೆ ಬಾಗಿಲು, ಎಲ್ಲ ಬೂದು ಇಟ್ಟಿಗೆ. ಕ್ಯಾಮೆರಾ ಬಹುಪಾಲು ನೇರ ನಡುಮಧ್ಯೆ ನಿಲ್ಲುತ್ತದೆ, ಎಡ ಬಲ ಅಳೆದಿಟ್ಟಂತೆ ಸಮ. ಅಥವಾ ಸೂರಿನ ಮೇಲಿನಿಂದ ಅಂಗಳವನ್ನು ನೋಡುತ್ತದೆ. ಹೀಗೆ ಸಮನಾದ ಚೌಕಟ್ಟಿನಲ್ಲಿ ಒಬ್ಬ ಹೆಂಗಸು ನಿಂತರೆ ಅವಳು ಮನೆಯ ವಿನ್ಯಾಸದ ಒಂದು ತುಣುಕಾಗುತ್ತಾಳೆ. ಅವಳು ಹೋಗಿ ಇನ್ನೊಬ್ಬಳು ಬಂದರೂ ಚೌಕಟ್ಟು ಹಾಗೇ ಇರುತ್ತದೆ. ಚಿತ್ರದ ಕೊನೆಯಲ್ಲಿ ಆಗುವುದೂ ಅದೇ, ಐದನೆಯವಳು ಬರುತ್ತಾಳೆ. ಋತುಗಳ ಹೆಸರು ಹೊತ್ತ ಭಾಗಗಳು ಒಂದರ ಹಿಂದೆ ಒಂದು ಬರುತ್ತವೆ, ಬೇಸಿಗೆ, ಶರತ್ತು, ಚಳಿಗಾಲ, ಮತ್ತೆ ಬೇಸಿಗೆ. ವಸಂತ ಇಲ್ಲ.

ಯಜಮಾನನ ಮುಖ ಚಿತ್ರದುದ್ದಕ್ಕೂ ಸ್ಪಷ್ಟವಾಗಿ ಕಾಣುವುದಿಲ್ಲ. ದೂರದಿಂದ, ಪರದೆಯ ಹಿಂದೆ, ಬದಿಯಿಂದ, ಬೆನ್ನಿನಿಂದ ಅಷ್ಟೇ. ಎಂಥ ದಿಟ್ಟ ತೀರ್ಮಾನ ಇದು ಎಂದು ಯೋಚಿಸಿ. ಕೆಟ್ಟ ಗಂಡನ ಪಾತ್ರಕ್ಕೆ ಒಳ್ಳೆಯ ನಟ ಸಿಕ್ಕರೆ ಸಾಕು, ನಮ್ಮ ಸಿಟ್ಟೆಲ್ಲ ಅವನ ಮೀಸೆಯ ಮೇಲೆ ಹೋಗುತ್ತದೆ. ಈ ಒಬ್ಬ ಸರಿಹೋದರೆ ಎಲ್ಲ ಸರಿ ಎಂಬ ಭ್ರಮೆ ಹುಟ್ಟುತ್ತದೆ. ಝಾಂಗ್ ಆ ಅನುಕೂಲವನ್ನು ನಮಗೆ ಕೊಡಲಿಲ್ಲ. ಸಾಂಗ್‌ಲಿಯನ್ ಜಗಳವಾಡಲು ಒಂದು ಮುಖವೂ ಇಲ್ಲ. ಅಪ್ಪನ ನೆನಪಿಗೆ ಇಟ್ಟುಕೊಂಡಿದ್ದ ಕೊಳಲನ್ನು ಅವನು ಸುಡಿಸಿದ ಎಂದು ತಿಳಿದಾಗಲೂ ಅವಳ ಸಿಟ್ಟು ಹೋಗಿ ಬಡಿಯಲು ಒಂದು ಎದುರು ಇಲ್ಲ.

ಮುಖದ ಜಾಗದಲ್ಲಿ ಅವನಿಗೆ ಇರುವುದು ಒಂದು ಸದ್ದು. ಯಜಮಾನ ಈ ರಾತ್ರಿ ಯಾವ ಹೆಂಡತಿಯ ಮನೆಗೆ ಹೋಗುತ್ತಾನೋ ಅಲ್ಲಿ ಕೆಂಪು ಲಾಂದ್ರಗಳನ್ನು ಹಚ್ಚುತ್ತಾರೆ. ಆ ಹೆಂಡತಿಯ ಪಾದಗಳಿಗೆ ಪುಟ್ಟ ಸುತ್ತಿಗೆಗಳಿಂದ ತಟ್ಟಿ ಮರ್ದನ ಮಾಡುತ್ತಾರೆ. ಆ ಟಕಟಕ ಎಲ್ಲ ಅಂಗಳಗಳಿಗೂ ಕೇಳುತ್ತದೆ. ಮರುದಿನದ ಊಟದಲ್ಲಿ ಏನಿರಬೇಕು ಎಂದು ಹೇಳುವ ಅಧಿಕಾರವೂ ಅವಳದೇ. ಇಂದು ಯಾರ ಮನೆಯಲ್ಲಿ ಬೆಳಕು ಎಂಬುದು ಕಣ್ಣಿಗೆ ಕಾಣುವುದಕ್ಕಿಂತ ಮೊದಲು ಕಿವಿಗೆ ಬೀಳುತ್ತದೆ. ಅಂದರೆ ಕತ್ತಲ ಕೋಣೆಯಲ್ಲಿ ಕೂತವಳಿಗೆ ತನ್ನ ಒಂಟಿತನದ ಸುದ್ದಿ ಪಕ್ಕದ ಅಂಗಳದಿಂದ ಬರುತ್ತದೆ. ಲಾಂದ್ರದ ಈ ಪದ್ಧತಿ ಮೂಲ ಕತೆಯಲ್ಲಿ ಇರಲಿಲ್ಲ, ಚಿತ್ರಕ್ಕಾಗಿ ಕಟ್ಟಿದ್ದು. ಸಾಹಿತ್ಯ ಕೃತಿಯನ್ನು ಸಿನಿಮಾ ಮಾಡುವವರು ಇದನ್ನು ನೋಡಿ ಕಲಿಯಬೇಕು. ಕಾದಂಬರಿಕಾರ ಮನಸ್ಸಿನೊಳಗೆ ಬರೆದದ್ದನ್ನು ಝಾಂಗ್ ಬಣ್ಣ ಮತ್ತು ಸದ್ದಾಗಿ ಅಂಗಳಕ್ಕೆ ತಂದರು.

ಇನ್ನೂ ಕಟುವಾದದ್ದು, ಆ ಮನೆಯಲ್ಲಿ ಹೆಂಗಸರೇ ತುಂಬಿದ್ದಾರೆ. ನಾಲ್ವರು ಹೆಂಡತಿಯರು, ಆಳು ಯಾನ್ಅರ್, ಮುದುಕಿಯರು. ಯಾರಿಗೂ ಯಾರೂ ಜತೆಯಲ್ಲ. ಒಬ್ಬಳಿಗೆ ಬೆಳಕು ಬರಬೇಕಾದರೆ ಇನ್ನೊಬ್ಬಳ ಮನೆ ಕತ್ತಲಾಗಬೇಕು. ಯಾನ್ಅರ್ ಕೂಡ ಹಳೆಯ ಲಾಂದ್ರಗಳನ್ನು ತನ್ನ ಕೋಣೆಯಲ್ಲಿ ಕದ್ದು ಹಚ್ಚಿಕೊಂಡು ಯಜಮಾನಿಯಾಗುವ ಕನಸು ಕಾಣುತ್ತಾಳೆ. ಅದಕ್ಕೆ ದಂಡವಾಗಿ ಹಿಮದಲ್ಲಿ ಮಂಡಿಯೂರಿ, ಆಮೇಲೆ ಸಾಯುತ್ತಾಳೆ. ಮೂರನೆಯವಳು ಮೇಶಾನ್ ಹಿಂದೆ ಒಪೆರಾ ಗಾಯಕಿ, ಸೂರಿನ ಮೇಲೆ ನಿಂತು ಹಾಡುತ್ತಾಳೆ. ಅವಳ ಗುಟ್ಟು ಸಾಂಗ್‌ಲಿಯನ್ ಬಾಯಿಂದಲೇ, ಕುಡಿದ ಮತ್ತಿನಲ್ಲಿ, ಹೊರಬೀಳುತ್ತದೆ. ಅವಳನ್ನು ಕಟ್ಟಿ ಸೂರಿನ ಮೇಲಿನ ಬೀಗದ ಕೋಣೆಗೆ ಎಳೆದೊಯ್ದು ಕೊಲ್ಲುವಾಗ ಕ್ಯಾಮೆರಾ ದೂರದಲ್ಲೇ ನಿಲ್ಲುತ್ತದೆ, ಹಿಮದ ಮೇಲೆ ಸಣ್ಣ ಕಪ್ಪು ಆಕಾರಗಳು ಓಡಾಡುತ್ತವೆ. ಸಾಂಗ್‌ಲಿಯನ್ ಕಿರುಚುವುದು ಕೇಳುತ್ತದೆ. ಅವಳಿಗೆ ಹುಚ್ಚು ಎಂದು ಮನೆ ತೀರ್ಮಾನಿಸುತ್ತದೆ.

ಕಂಡದ್ದನ್ನು ಕಂಡೆ ಎಂದವಳು ಹುಚ್ಚಿ! ಇದನ್ನು ಕೇಳಿದೊಡನೆ ಕನ್ನಡಿಗರಿಗೆ ಒಂದು ಹೆಸರು ನೆನಪಾಗದೇ ಇರದು. ತ್ರಿವೇಣಿಯವರ ಕಾದಂಬರಿ ಆಧರಿಸಿ ಪುಟ್ಟಣ್ಣ ಕಣಗಾಲ್ ಮಾಡಿದ 'ಶರಪಂಜರ'. ಕಾವೇರಿಯಾಗಿ ಕಲ್ಪನಾ. ಮದುವೆಗೆ ಮುಂಚಿನ ಗಾಯವೊಂದು ಬಾಣಂತಿತನದ ಹೊತ್ತಿನಲ್ಲಿ ಸಿಡಿದು, ಮಾನಸಿಕ ಆಸ್ಪತ್ರೆ ಸೇರಿ, ಗುಣವಾಗಿ ಮನೆಗೆ ಬಂದವಳನ್ನು ಗಂಡನೂ ನೆಂಟರೂ ಅಕ್ಕಪಕ್ಕದವರೂ ಹುಚ್ಚಿ ಎಂದೇ ನೋಡುತ್ತಾರೆ. ಅವಳು ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ಮೊದಲು ನಾನು ವಯಲಿನ್‌ಗಳ ಮೇಲೆ ಕೂಗಾಡಿದೆನಲ್ಲ, ಈ ಚಿತ್ರದಲ್ಲಿ ವಿಜಯಭಾಸ್ಕರ್ ಅವರ ಸಂಗೀತ ಧಾರಾಳವಾಗಿದೆ, ಅತಿಯಾದ ಅಭಿನಯವೂ ಇದೆ. ಪುಟ್ಟಣ್ಣನವರಿಗೆ ಸಂಯಮ ಎಂಬುದು ಎಂದೂ ಹತ್ತಿರದ ನೆಂಟನಾಗಿರಲಿಲ್ಲ. ಆದರೂ ಒಂದು ಕೆಲಸವನ್ನು ಅವರು ಯಾರೂ ಮಾಡದಷ್ಟು ಚೆನ್ನಾಗಿ ಮಾಡಿದರು. ಕಾವೇರಿಯನ್ನು ಅವರು ಖಾಲಿ ಕೋಣೆಯಲ್ಲಿ ಒಂಟಿ ಮಾಡಲಿಲ್ಲ, ತುಂಬಿದ ಮನೆಯಲ್ಲಿ ಒಂಟಿ ಮಾಡಿದರು. ಅವಳ ಸುತ್ತ ಸದಾ ಕಣ್ಣುಗಳು. ಆಸ್ಪತ್ರೆಯಲ್ಲಿ ಸಿಕ್ಕಿದ ಏಕಾಂತವೂ ಮನೆಯಲ್ಲಿ ಸಿಗುವುದಿಲ್ಲ. ಕೊನೆಗೆ ಗಂಡನ ಮೋಸ ಕಣ್ಣಾರೆ ಕಂಡು ಅವಳು ಕುಸಿದಾಗ ನೋಡುವವರಿಗೂ ಒಂದು ಅಳುಕು ಉಳಿಯುತ್ತದೆ: ಇಷ್ಟು ಹೊತ್ತು ನಾವೂ, ಇವಳಿಗೆ ಮತ್ತೆ ಕಾಯಿಲೆ ಬಂತೇ ಎಂದು, ಅವಳ ಕಣ್ಣನ್ನು ಓದುತ್ತ ಕೂತಿರಲಿಲ್ಲವೇ?

ಕೊನೆಯದಾಗಿ ನಮಗೆ ಹತ್ತಿರದ, ಈಚಿನ ಚಿತ್ರ. ಜಿಯೋ ಬೇಬಿ ಅವರ ಮಲಯಾಳಂ ಚಿತ್ರ 'ದ ಗ್ರೇಟ್ ಇಂಡಿಯನ್ ಕಿಚನ್' 2021ರ ಜನವರಿಯಲ್ಲಿ ನೀಸ್ಟ್ರೀಮ್ ಎಂಬ ಸಣ್ಣ ವೇದಿಕೆಯಲ್ಲಿ ಬಂತು. ದೊಡ್ಡ ವೇದಿಕೆಗಳು ಆಮೇಲೆ ಎಚ್ಚೆತ್ತವು. ನಿಮಿಷಾ ಸಜಯನ್ ಹೆಂಡತಿ, ಸೂರಜ್ ವೆಂಜಾರಮೂಡು ಗಂಡ. ಪಾತ್ರಗಳಿಗೆ ಹೆಸರಿಲ್ಲ. ಗಂಡ ಶಾಲೆಯಲ್ಲಿ ಸಮಾಜಶಾಸ್ತ್ರ ಕಲಿಸುತ್ತಾನೆ, ಕುಟುಂಬ ಎಂದರೇನು ಎಂದು ಮಕ್ಕಳಿಗೆ ಪಾಠ ಹೇಳುತ್ತಾನೆ. ಈ ಮನೆಯಲ್ಲಿ ಯಾರೂ ಯಾರನ್ನೂ ಕೂಡಿಹಾಕಿಲ್ಲ. ಬಾಗಿಲು ತೆರೆದೇ ಇದೆ. ಮಾವ ದನಿಯೆತ್ತಿ ಮಾತಾಡುವವರಲ್ಲ, ಬಹಳ ಮೃದು. ಅನ್ನ ಕುಕ್ಕರಿನಲ್ಲಿ ಬೇಡ, ಸೌದೆ ಒಲೆಯಲ್ಲಿ ಆಗಲಿ ಮಗಳೇ. ಚಟ್ನಿ ಕಲ್ಲಿನಲ್ಲಿ ಅರೆದರೆ ರುಚಿ. ಬಟ್ಟೆ ಯಂತ್ರಕ್ಕೆ ಹಾಕಿದರೆ ಹಾಳಾಗುತ್ತದಲ್ಲ. ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ಷೂ ಕೈಗೆ ಬರಬೇಕು.

ಇಂಥ ದಬ್ಬಾಳಿಕೆಗೆ ಕೆಂಪು ಲಾಂದ್ರ ಸಿಗುವುದಿಲ್ಲ. ಜಿಯೋ ಬೇಬಿ ಹಿಡಿದದ್ದು ಎರಡು ಉಪಕರಣ, ಪುನರಾವರ್ತನೆ ಮತ್ತು ಸದ್ದು. ತರಕಾರಿ ಹೆಚ್ಚುವುದು, ತೆಂಗಿನಕಾಯಿ ತುರಿಯುವುದು, ದೋಸೆ ಹೊಯ್ಯುವುದು, ಬಡಿಸುವುದು, ಗುಡಿಸುವುದು, ಒರೆಸುವುದು, ತೊಳೆಯುವುದು. ಮತ್ತೆ ಅದೇ. ಮತ್ತೆ ಅದೇ. ಹಿನ್ನೆಲೆ ಸಂಗೀತ ಬಹುಪಾಲು ಇಲ್ಲವೇ ಇಲ್ಲ. ಒಗ್ಗರಣೆಯ ಚುರ್, ಪಾತ್ರೆಯ ಟಣ್, ನಲ್ಲಿಯ ನೀರು. ಮೊದಲ ಬೆಳಿಗ್ಗೆ ಈ ಸದ್ದುಗಳು ಕಿವಿಗೆ ಹಿತ, ಬಾಯಲ್ಲಿ ನೀರೂರುತ್ತದೆ. ಚಿತ್ರ ಮುಂದುವರಿದ ಹಾಗೆ ಅದೇ ಸದ್ದು ಅಸಹ್ಯವಾಗುತ್ತದೆ. ಸದ್ದು ಬದಲಾಗಿಲ್ಲ, ನಮ್ಮ ಕಿವಿ ಬದಲಾಗಿದೆ. ಊಟ ಮುಗಿಸಿ ಎದ್ದ ಗಂಡಸರು ಮೇಜಿನ ಮೇಲೆ ಉಳಿಸಿಹೋದ ನುಗ್ಗೆಕಾಯಿ ಸಿಪ್ಪೆಯನ್ನು ಬಳಿಯುವ ಕೈಯ ಶಾಟು ಮತ್ತೆ ಬಂದಾಗ ಬೇಡಪ್ಪ ಅನ್ನಿಸುತ್ತದೆ. ಅವಳಿಗೆ ಬೇಡಪ್ಪ ಅನ್ನುವ ಅನುಕೂಲ ಇಲ್ಲ. ಇಷ್ಟನ್ನು ಸಂಭಾಷಣೆಯಲ್ಲಿ ಹೇಳಲು ಹೋಗಿದ್ದರೆ ಅದು ಭಾಷಣವಾಗುತ್ತಿತ್ತು.

ಸಿಂಕಿನ ಕೊಳವೆ ಸೋರುತ್ತದೆ. ಪ್ಲಂಬರನ್ನು ಕರೆಸಿ ಎಂದು ಅವಳು ಹೇಳುತ್ತಲೇ ಇರುತ್ತಾಳೆ, ಗಂಡ ಮರೆಯುತ್ತಲೇ ಇರುತ್ತಾನೆ. ಗೋಣಿಚೀಲ ನೆನೆಯುತ್ತದೆ, ಕೊಳಕು ನೀರು ಹರಿಯುತ್ತದೆ. ಸಿನಿಮಾಕ್ಕೆ ವಾಸನೆ ತೋರಿಸುವ ಶಕ್ತಿ ಇಲ್ಲ. ಆದರೆ ರಾತ್ರಿ ಹಾಸಿಗೆಯಲ್ಲಿ ಅವಳು ತನ್ನ ಕೈಯನ್ನು ಮೂಸಿಕೊಳ್ಳುವುದನ್ನು ತೋರಿಸಿ ಈ ಚಿತ್ರ ವಾಸನೆಯನ್ನೂ ತಂದಿತು. ಅಡುಗೆಮನೆ ಅಲ್ಲಿಗೂ ಬಂದುಬಿಟ್ಟಿದೆ. ಗಂಡ ಪಕ್ಕದಲ್ಲೇ ಇದ್ದಾನೆ, ಅವನಿಗೆ ಆ ವಾಸನೆ ತಾಕುವುದೇ ಇಲ್ಲ. ನಾನು ಕಂಡ ಮಟ್ಟಿಗೆ ಮದುವೆಯೊಳಗಿನ ಒಂಟಿತನವನ್ನು ಇದಕ್ಕಿಂತ ಕಡಿಮೆ ಖರ್ಚಿನಲ್ಲಿ ಯಾರೂ ತೋರಿಸಿಲ್ಲ.

ಮುಟ್ಟಿನ ದಿನಗಳಲ್ಲಿ ಅವಳನ್ನು ಬೇರೆ ಕೋಣೆಗೆ ಹಾಕುತ್ತಾರೆ. ಗಂಡ ಮಾವ ಇಬ್ಬರೂ ಶಬರಿಮಲೆ ಮಾಲೆ ಹಾಕಿರುತ್ತಾರೆ. ಮಾಮೂಲು ಚಿತ್ರದಲ್ಲಿ ಇದೇ ಒಂಟಿತನದ ಪರಾಕಾಷ್ಠೆಯಾಗುತ್ತಿತ್ತು, ಕಿಟಕಿಯ ಸರಳು ಇಲ್ಲಿ ಬರುತ್ತಿತ್ತು. ನೋಡುವಾಗ ನನಗೆ ಅನ್ನಿಸಿದ್ದೇ ಬೇರೆ. ಅವಮಾನದ ಜತೆಗೆ ಅವಳಿಗೆ ಕೆಲಸದಿಂದ ಬಿಡುವೂ ಸಿಕ್ಕಿದ್ದು ಆ ದಿನಗಳಲ್ಲೇ! ಕೊನೆಗೆ ಅದೇ ಸಿಂಕಿನ ಕೊಳಕು ನೀರನ್ನು ಇಬ್ಬರ ಮೇಲೂ ಎರಚಿ ಹೊರಡುತ್ತಾಳೆ. ತವರಿನಲ್ಲಿ ತಮ್ಮ ನೀರು ಕೇಳುತ್ತಾನೆ, ಅಮ್ಮ ತಂಗಿಗೆ ತಂದುಕೊಡು ಅನ್ನುತ್ತಾಳೆ, ಇವಳು ಸಿಡಿಯುತ್ತಾಳೆ. ಚಿತ್ರ ಅಲ್ಲಿಗೇ ನಿಂತಿದ್ದರೆ ಚೆನ್ನಿತ್ತು. ಆಮೇಲೆ ಬರುವ ನೃತ್ಯ ಮತ್ತು ಹಾಡು ನಿರ್ದೇಶಕರು ಅವಳಿಗೆ ಕೊಟ್ಟ ಉಡುಗೊರೆ, ನಮಗೆ ಕೊಟ್ಟ ಸಮಾಧಾನ. ಅಷ್ಟು ಹೊತ್ತು ಸಂಗೀತವನ್ನು ಹಿಡಿದಿಟ್ಟವರಿಗೆ ಕೊನೆಯಲ್ಲಿ ಕೈ ನಡುಗಿರಬೇಕು. ಹೊಸ ಹೆಂಡತಿಯೊಬ್ಬಳು ಅದೇ ಅಡುಗೆಮನೆಯಲ್ಲಿ ನಿಂತಿರುವುದನ್ನು ತೋರಿಸಿದ್ದರಿಂದ ಸ್ವಲ್ಪ ಮಟ್ಟಿಗೆ ತೂಕ ಸರಿಹೋಯಿತು.

ಆದರೆ ಆ ಮನೆಯಲ್ಲಿ ಇನ್ನೊಬ್ಬಳಿದ್ದಾಳೆ, ಅತ್ತೆ. ಮೊದಲ ಭಾಗದಲ್ಲಿ ಸೊಸೆಯ ಪಕ್ಕದಲ್ಲಿ ನಿಂತು ಕೆಲಸ ಮಾಡುತ್ತಾಳೆ, ಆಮೇಲೆ ಬಸುರಿ ಮಗಳ ಆರೈಕೆಗೆಂದು ಹೊರಟುಹೋಗುತ್ತಾಳೆ. ಸೊಸೆ ಕೆಲಸಕ್ಕೆ ಹೋಗುವ ಮಾತೆತ್ತಿದಾಗ ಮಾವ, ನಿನ್ನ ಅತ್ತೆಯೂ ಸ್ನಾತಕೋತ್ತರ ಪದವಿ ಓದಿದವಳೇ, ಮನೆಯಲ್ಲೇ ಉಳಿದಳು, ಮಕ್ಕಳಿಗೆ ಅದರಿಂದ ಒಳ್ಳೆಯದಾಯಿತು ಎಂಬರ್ಥದಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ಆ ಒಂದು ಮಾತಿನಲ್ಲಿ ಒಂದು ಇಡೀ ಆಯುಷ್ಯ ಬಂದುಹೋಗುತ್ತದೆ. ಸೊಸೆಗೆ ಚಿತ್ರ ಸಿಕ್ಕಿತು, ಅತ್ತೆಗೆ ಕೆಲವು ನಿಮಿಷ. ಯಾಕೆಂದರೆ ಅವಳು ಬಂಡೇಳಲಿಲ್ಲ, ಪೌಲಾಳ ಹಾಗೆ ಬಚಾವಾಗಲಿಲ್ಲ, ಸಾಂಗ್‌ಲಿಯನ್‌ಳ ಹಾಗೆ, ಕಾವೇರಿಯ ಹಾಗೆ ಮನಸ್ಸು ಕದಡಿಕೊಳ್ಳಲಿಲ್ಲ. ಮಾರ್ತಾಳಿಗೆ ಸಿಕ್ಕಂಥ ಅಪಘಾತವೂ ಇಲ್ಲ. ನಾನು ಇಷ್ಟು ಹೊತ್ತು ಹೇಳಿದ ಚಿತ್ರಗಳಿಗೆಲ್ಲ ಒಂದು ತುದಿ ಬೇಕಾಗಿತ್ತು. ಈ ಹೆಂಗಸಿನ ಬದುಕಿಗೆ ತುದಿ ಇಲ್ಲ, ನಾಳೆ ಬೆಳಿಗ್ಗೆ ಮತ್ತೆ ಒಲೆ ಹಚ್ಚುವುದಿದೆ. ನಮ್ಮ ಹಾಸನ, ಧಾರವಾಡ, ಮಂಗಳೂರಿನ ಮನೆಗಳಲ್ಲಿ ಬಿ.ಎ., ಬಿ.ಎಸ್ಸಿ. ಪ್ರಮಾಣಪತ್ರಗಳನ್ನು ಕಪಾಟಿನಲ್ಲಿ ಸೀರೆಗಳ ಕೆಳಗಿಟ್ಟ ಇಂಥವರು ಎಷ್ಟು ಮಂದಿ ಇದ್ದಾರೆ ಎಂದು ನಾನು ಹೇಳಬೇಕಿಲ್ಲ.

ಅಂಥವಳನ್ನು ಚಿತ್ರಿಸುವುದಕ್ಕೆ ಅತಿ ಹತ್ತಿರ ಬಂದವರು ಬೆಲ್ಜಿಯಂನ ಶಾಂತಾಲ್ ಆಕರ್ಮನ್. 1975ರ 'ಜಾನ್ ಡೀಲ್‌ಮನ್' ಚಿತ್ರದಲ್ಲಿ ಒಬ್ಬ ವಿಧವೆಯ ಮೂರು ದಿನಗಳ ಮನೆಗೆಲಸವನ್ನು 201 ನಿಮಿಷ, ಅಲುಗದ ಕ್ಯಾಮೆರಾದಲ್ಲಿ ನೋಡುತ್ತ ಕೂತರು. ಆಲೂಗಡ್ಡೆ ಸುಲಿಯುವುದನ್ನು ಸುಲಿದು ಮುಗಿಯುವವರೆಗೂ ತೋರಿಸಿದರು. 2022ರಲ್ಲಿ 'ಸೈಟ್ ಅಂಡ್ ಸೌಂಡ್' ಪತ್ರಿಕೆಯ ವಿಮರ್ಶಕರ ಮತದಾನದಲ್ಲಿ ಅದು ಮೊದಲ ಸ್ಥಾನಕ್ಕೆ ಬಂತು. ಆದರೆ ಆಕರ್ಮನ್ ಅವರಿಗೂ ಕೊನೆಗೆ ಒಂದು ಕತ್ತರಿ, ಒಂದು ಕೊಲೆ ಬೇಕಾಯಿತು. ಕತ್ತರಿಯೂ ಇಲ್ಲದೆ ಆ ಅತ್ತೆಯ ಚಿತ್ರವನ್ನು ತೆಗೆಯುವುದು ಹೇಗೆ ಎಂದು ನಮ್ಮ ಹೊಸ ನಿರ್ದೇಶಕರನ್ನು, ಅದರಲ್ಲೂ ಈಗ ಕ್ಯಾಮೆರಾ ಹಿಡಿಯುತ್ತಿರುವ ಹೆಣ್ಣುಮಕ್ಕಳನ್ನು, ನಾನು ಕೇಳುತ್ತಿದ್ದೇನೆ. ನನ್ನ ಬಳಿ ಉತ್ತರವಿಲ್ಲ.